ಹಳೇ ಸೂಪರ್‌ಹೀರೋ ಕಾಮಿಕ್ ಓದುವುದು ಹೇಗೆ?

ಮೊದಲು ಈಗಿನ ಸೂಪರ್‌ಹೀರೋ ಸಿನಿಮಾಗಳನ್ನು ತಲೆಯಿಂದ ತೆಗೆದುಹಾಕಿ. ಆ ಕತ್ತಲು, ಕಣ್ಣೀರು, ಬಿಗಿದ ಮುಖ ಯಾವುದೂ ಇಲ್ಲಿ ಸಿಗುವುದಿಲ್ಲ. ಹಳೇ ಕಾಮಿಕ್‌ನಲ್ಲಿ ಲೋಕಕ್ಕೆ ಗಂಡಾಂತರ ಬರುವುದು ಶುರುವಿನಲ್ಲೇ, ಅದು ಕಳೆಯುವುದು ಕೊನೇ ಪುಟಕ್ಕೆ, ನಡುವೆ ಯಾರಿಗೂ ಜಾಸ್ತಿ ಟೆನ್ಷನ್ ಇರುವುದಿಲ್ಲ.

ಶುರು ಮಾಡಲು ನನ್ನ ಆಯ್ಕೆ, ಜಸ್ಟೀಸ್ ಲೀಗ್ ಎಂಬ ಸೂಪರ್‌ಹೀರೋ ತಂಡ ಮೊದಲ ಸಲ ಕಾಣಿಸಿಕೊಂಡ 'ದಿ ಬ್ರೇವ್ ಅಂಡ್ ದಿ ಬೋಲ್ಡ್' ಕಾಮಿಕ್ ಪತ್ರಿಕೆಯ 28ನೇ ಸಂಚಿಕೆ. ಬಂದದ್ದು 1960ರಲ್ಲಿ, ಬೆಲೆ 10 ಸೆಂಟ್. ಬರೆದವರು ಗಾರ್ಡ್ನರ್ ಫಾಕ್ಸ್, ಚಿತ್ರ ಮೈಕ್ ಸೆಕೊವ್‌ಸ್ಕಿ ಅವರದು. ಮೂಲ ಪ್ರತಿ ಕೊಳ್ಳಲು ಹೋಗಬೇಡಿ, ಜೇಬು ಖಾಲಿಯಾಗುತ್ತದೆ. ಮರುಮುದ್ರಣ ಸಾಕು. ಹಳೇ ಜಾಹೀರಾತುಗಳನ್ನೂ ಹಾಗೇ ಉಳಿಸಿಕೊಂಡ ಮುದ್ರಣ ಸಿಕ್ಕರೆ ಇನ್ನೂ ಒಳ್ಳೆಯದು, ಕೆಲವೊಮ್ಮೆ ಕಥೆಗಿಂತ ಅವೇ ಮಜವಾಗಿರುತ್ತವೆ.

ಮುಖಪುಟದಲ್ಲಿ ಐದು ಜನ ಹೀರೋಗಳು ಒಂದು ದೈತ್ಯ ನಕ್ಷತ್ರಮೀನಿನ ಜೊತೆ ಗುದ್ದಾಡುತ್ತಿದ್ದಾರೆ. ಮೀನಿನ ಹೆಸರು ಸ್ಟಾರೋ. ಅಂತರಿಕ್ಷದಿಂದ ಬಂದಿದೆ, ಭೂಮಿಯನ್ನು ಗೆಲ್ಲಬೇಕಂತೆ, ಮೈ ನಡುವೆ ಒಂದೇ ದೊಡ್ಡ ಕಣ್ಣು. ಇಲ್ಲಿ ನಗು ಬಂದರೆ ತಡೆಯಬೇಡಿ. ಆದರೆ ಒಂದು ವಿಷಯ ಗಮನಿಸಿ, ಕಥೆಯೊಳಗೆ ಯಾರೊಬ್ಬರೂ ನಗುವುದಿಲ್ಲ. ಸ್ಟಾರೋ ಬಂದ ಸುದ್ದಿಯನ್ನು, ಮೀನುಗಳ ಜೊತೆ ಮಾತಾಡಬಲ್ಲ ಹೀರೋ ಅಕ್ವಾಮ್ಯಾನ್‌ಗೆ ಮುಟ್ಟಿಸುವುದು ಪೀಟರ್ ಎಂಬ ಹೆಸರಿನ ಒಂದು ಮೀನು, ಅದನ್ನೂ ಅವನು ಅಷ್ಟೇ ಗಂಭೀರವಾಗಿ ಕೇಳಿಸಿಕೊಳ್ಳುತ್ತಾನೆ. ಮಜಾ ಇರುವುದೇ ಅಲ್ಲಿ.

ಆಮೇಲೆ ಹಾಜರಿ ತೆಗೆದುಕೊಳ್ಳಿ. ತಂಡದಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಇಬ್ಬರೂ ಇದ್ದಾರೆ, ಆದರೆ ಭೂಮಿಯೇ ಮುಳುಗುವ ಹೊತ್ತಿಗೆ ಒಬ್ಬನಿಗೆ ಉಲ್ಕೆಗಳ ಕಾಟ, ಇನ್ನೊಬ್ಬನಿಗೆ ಕಳ್ಳರನ್ನು ಹಿಡಿಯುವ ಅವಸರ. ಉಳಿದವರು ಬೆವರು ಸುರಿಸಬೇಕು! ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅಂದರೆ ಇದೇ ಅಲ್ವಾ?

ಸುಣ್ಣ ಅಂದಮೇಲೆ ಕ್ಲೈಮ್ಯಾಕ್ಸ್‌ಗೆ ಬರೋಣ, ಇದನ್ನು ನಿಧಾನವಾಗಿ ಓದಿ. ಹ್ಯಾಪಿ ಹಾರ್ಬರ್ ಎಂಬ ಊರಿಗೆ ಊರೇ ಸ್ಟಾರೋ ಆಡಿಸಿದಂತೆ ಆಡುತ್ತಿದೆ, ಸ್ನ್ಯಾಪರ್ ಕಾರ್ ಅನ್ನುವ ಹುಡುಗ ಮಾತ್ರ ಮಾತುಮಾತಿಗೂ ಚಿಟಿಕೆ ಹೊಡೆಯುತ್ತಾ ಆರಾಮಾಗಿದ್ದಾನೆ. ಯಾಕಪ್ಪಾ ಅಂದರೆ, ಅವನು ಮನೆ ಮುಂದಿನ ಹುಲ್ಲಿಗೆ ಸುಣ್ಣ ಹಾಕುತ್ತಿದ್ದ, ಅದು ಮೈಗೆ ಮೆತ್ತಿಕೊಂಡಿದೆ. ಸರಿ, ಬೆಳಕಿನ ವೇಗದಲ್ಲಿ ಓಡುವವನು, ಮಂಗಳ ಗ್ರಹದವನು, ಮಾಯಾ ಉಂಗುರದವನು ಎಲ್ಲರೂ ಇದ್ದ ತಂಡ ಕೊನೆಗೆ ಶತ್ರುವಿನ ಮೇಲೆ ಸುಣ್ಣ ಸುರಿದು ಗೆಲ್ಲುತ್ತದೆ. ಬಾಯಿಗೆ ಬಂದಂತೆ ಕಟ್ಟಿದ ಕಥೆ ಅನ್ನಿಸುತ್ತದೆ, ಆದರೆ ಅಲ್ಲ. ಸಿಂಪಿ ಸಾಕುವವರು ನಕ್ಷತ್ರಮೀನಿನ ಕಾಟಕ್ಕೆ ನಿಜಕ್ಕೂ ಸುಣ್ಣ ಬಳಸುತ್ತಿದ್ದರು. ಫಾಕ್ಸ್ ಇಂಥ ಚೂರುಪಾರು ವಿಜ್ಞಾನವನ್ನು ಎಲ್ಲಿಂದಲೋ ಹೆಕ್ಕಿ ತಂದು ಕಥೆಗೆ ಸಿಕ್ಕಿಸುತ್ತಿದ್ದರು, ಹಾಗಾಗಿ ಎಷ್ಟೇ ತಲೆಕೆಟ್ಟ ಪರಿಹಾರ ಕಂಡರೂ ಒಂದು ಸಲ ಹುಡುಕಿ ನೋಡಿ. ಅಂದಹಾಗೆ, ಸುಣ್ಣದ ಕೃಪೆಯಿಂದ ಸ್ನ್ಯಾಪರ್‌ಗೆ ತಂಡದ ಗೌರವ ಸದಸ್ಯತ್ವವೂ ಸಿಗುತ್ತದೆ.

ಚಿತ್ರದ ಮೇಲಿನ ಸಾಲುಗಳನ್ನು ಬಿಡದೆ, ಜೋರಾಗಿ ಓದಿ. ಹೀರೋ ಗುದ್ದುತ್ತಿರುವುದು ಚಿತ್ರದಲ್ಲಿ ಕಾಣುತ್ತದೆ, ಮೇಲಿನ ಸಾಲೂ ಅದನ್ನೇ ಹೇಳುತ್ತದೆ, ಅದು ಸಾಲದು ಅಂತ ಹೀರೋ ತಾನೇ ಬಾಯಿಬಿಟ್ಟು ತಾನು ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಅಂತ ವಿವರಿಸುತ್ತಾನೆ. ಗುದ್ದುವಷ್ಟರಲ್ಲಿ ಇಷ್ಟು ಮಾತಾಡಲು ಪುರುಸೊತ್ತು ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ. ಇಬ್ಬರು ಸೇರಿ ಓದಿದರೆ, ಒಬ್ಬರು ಹೀರೋ ಇನ್ನೊಬ್ಬರು ಮೀನು ಆದರೆ, ಇನ್ನೂ ಚೆನ್ನ.

ಎಲ್ಲವೂ ತಮಾಷೆಯಲ್ಲ. ಜಸ್ಟೀಸ್ ಲೀಗ್‌ಗೂ ಮೊದಲಿದ್ದ ತಂಡ ಜಸ್ಟೀಸ್ ಸೊಸೈಟಿ, ಅದರ 1940ರ ದಶಕದ ಕಥೆಗಳಲ್ಲಿ ವಂಡರ್ ವುಮನ್‌ಗೆ ಕೊಟ್ಟ ಹುದ್ದೆ ಕಾರ್ಯದರ್ಶಿ, ಗಂಡಸರು ಯುದ್ಧಕ್ಕೆ ಹೊರಟರೆ ಅವಳು ಕಚೇರಿಯಲ್ಲಿ! ಅಂಥ ಪುಟ ಬಂದರೆ ಕಣ್ಣು ತಿರುಗಿಸಿ ಮುಂದೆ ಹೋಗಬಹುದು, ಬೈದು ಮುಂದೆ ಹೋದರೂ ತಪ್ಪಿಲ್ಲ.

ಇದು ಮುಗಿದಮೇಲೆ ಲೀಜನ್ ಆಫ್ ಸೂಪರ್‌ಹೀರೋಸ್ ಎಂಬ ಇನ್ನೊಂದು ತಂಡದ ಕಥೆಗಳನ್ನು ಹಿಡಿಯಿರಿ. ಅಲ್ಲಿ ಏನು ಕೊಟ್ಟರೂ ತಿಂದು ಮುಗಿಸುವುದೇ ಶಕ್ತಿಯಾಗಿರುವ ಒಬ್ಬ ಹುಡುಗ ಸಿಗುತ್ತಾನೆ. ಆ ತಂಡ ಸೇರಿಸಿಕೊಳ್ಳದೆ ವಾಪಸ್ ಕಳಿಸಿದ ಕೆಲವರು 1963ರಲ್ಲಿ ತಮ್ಮದೇ ಬದಲಿ ತಂಡ ಕಟ್ಟಿಕೊಂಡರು, ಅದರಲ್ಲೊಬ್ಬ ಕಲ್ಲಾಗಬಲ್ಲ, ಕಲ್ಲಾದಮೇಲೆ ಅಲ್ಲಾಡಲಾರ. ನನ್ನ ವೋಟು ಅವನಿಗೇ.