ಫೋನ್ ಅವರದು, ಎತ್ತುವುದು ನಾನು

ನಮ್ಮವರನ್ನು ಚರ್ಚಿನ ಸಭಾಹಿರಿಯರಾಗಿ ನೇಮಿಸಿದ ಭಾನುವಾರ ನಾನು ಮೂರನೇ ಬೆಂಚಿನಲ್ಲಿ ಕೂತಿದ್ದೆ. ನಮ್ಮ ಪಾದ್ರಿ ಅಯ್ಯನವರು ಅವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆರಾಧನೆ ಮುಗಿದ ಮೇಲೆ ಎಲ್ಲರೂ ಅವರ ಕೈ ಕುಲುಕಿದರು. ಮನೆಗೆ ಬಂದು ಅನ್ನಕ್ಕಿಟ್ಟೆ. ಇವರು ಸ್ನಾನಕ್ಕೆ ಹೋದರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. "ಹಿರಿಯರು ಇಲ್ವಾ? ಪರವಾಗಿಲ್ಲ ಅಮ್ಮಾ, ನಿಮಗೇ ಹೇಳ್ತೀನಿ." ಮುಕ್ಕಾಲು ಗಂಟೆ ಹೇಳಿದರು. ಅನ್ನ ತಳ ಹಿಡಿಯಿತು.

ಇದಾಗಿ ಒಂಬತ್ತು ವರ್ಷ. ನಾವಿರುವುದು ದಾಸರಹಳ್ಳಿಯಲ್ಲಿ. ಇವರಿಗೆ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್. ನಮ್ಮದು ಚಿಕ್ಕ ಕನ್ನಡ ಸಭೆ, ಸುಮಾರು ಎಂಬತ್ತು ಮನೆ. ಹೊಸದಾಗಿ ಹಿರಿಯರಾದವರ ಹೆಂಡತಿಯರು ಈಗ ನನ್ನನ್ನು ಕೇಳುತ್ತಾರೆ, "ಅಕ್ಕ, ನಾವು ಏನು ಮಾಡಬೇಕು?" ನಾನು ಮಾಡಿದ್ದನ್ನು ಹೇಳುತ್ತೇನೆ. ಕೆಡಿಸಿದ್ದನ್ನೂ ಹೇಳುತ್ತೇನೆ, ಅದೇ ಜಾಸ್ತಿ.

ಮೊದಲ ಎರಡು ವರ್ಷ ನಮ್ಮ ಬಾಗಿಲಿಗೆ ಚಿಲಕ ಹಾಕಿದ ನೆನಪೇ ಇಲ್ಲ. ಯಾರು ಬಂದರೂ ಟೀ. ಊಟದ ಹೊತ್ತಾದರೆ ಊಟ. ಹಿರಿಯನಾದವನು ಅತಿಥಿಸತ್ಕಾರ ಮಾಡುವವನಾಗಿರಬೇಕು ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲ ತಿಮೊಥೆಯನಿಗೆ ಬರೆದಿದ್ದಾನಲ್ಲ, ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದೇ ಅಧ್ಯಾಯದಲ್ಲಿ ಸ್ವಂತ ಮನೆಯನ್ನು ನೋಡಿಕೊಳ್ಳಲಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಳ್ಳುತ್ತಾನೆ ಅಂತಲೂ ಇದೆ. ಅದನ್ನು ಓದಿ ಮುಂದೆ ಹೋಗುತ್ತಿದ್ದೆ. ಮಗಳ ಎಸ್‌ಎಸ್‌ಎಲ್‌ಸಿ ವರ್ಷ. ಹಾಲ್‌ನಲ್ಲಿ ಯಾರದೋ ಅಣ್ಣತಮ್ಮಂದಿರ ಜಗಳದ ಪಂಚಾಯ್ತಿ ನಡೆಯುತ್ತಿತ್ತು. ಅವಳು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಟೀ ಸೋಸುತ್ತಿದ್ದ ನನ್ನನ್ನು ನೋಡಿ, "ಅಮ್ಮ, ನೀನು ಸಭೆಯವರು ಬಂದಾಗ ಮಾತ್ರ ನಗ್ತೀಯ" ಅಂದಳು.

ಆ ರಾತ್ರಿ ನಾವಿಬ್ಬರೂ ಬೈಬಲಿನ ವಿಮೋಚನಕಾಂಡ 18ನೇ ಅಧ್ಯಾಯ ಓದಿದೆವು. ಹಿರಿಯರ ತರಬೇತಿಯಲ್ಲಿ ಈ ಅಧ್ಯಾಯ ತಪ್ಪದೆ ಬರುತ್ತದೆ. ಇಸ್ರಾಯೇಲ್ಯರ ನಾಯಕ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೂ ಜನರ ವ್ಯಾಜ್ಯ ತೀರಿಸುತ್ತಾ ಕೂತಿದ್ದು, ಮಾವ ಇತ್ರೋ ಅದನ್ನು ನೋಡಿ "ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ" ಅಂದಿದ್ದು, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಅಧಿಪತಿಯನ್ನು ಇಡು ಅಂತ ಬುದ್ಧಿ ಹೇಳಿದ್ದು. ಆದರೆ ಇತ್ರೋ ಅಲ್ಲಿಗೆ ಯಾಕೆ ಬಂದಿದ್ದ? ತವರಿನಲ್ಲಿದ್ದ ಮೋಶೆಯ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಅಧ್ಯಾಯ ಶುರುವಾಗುವುದೇ ಅಲ್ಲಿಂದ. ಮೋಶೆ ಮಾವನಿಗೆ ಎದುರು ಹೋಗಿ, ನಮಸ್ಕಾರ ಮಾಡಿ, ಮುದ್ದಿಟ್ಟು ಡೇರೆಯೊಳಗೆ ಕರೆದುಕೊಂಡು ಹೋದ ಅಂತ ಬರೆದಿದೆ. ಹೆಂಡತಿ ಮಕ್ಕಳನ್ನು ಏನು ಕೇಳಿದ ಅಂತ ಒಂದು ಸಾಲೂ ಇಲ್ಲ. ಮಾರನೇ ದಿನ ಬೆಳಿಗ್ಗೆಯೇ ನ್ಯಾಯಕ್ಕೆ ಕೂತ! ನಾನು ಇವರ ಮುಖ ನೋಡಿದೆ. ಇವರು ಸತ್ಯವೇದ ಮುಚ್ಚಿದರು.

ಸೋಮವಾರ ಮತ್ತು ಗುರುವಾರ ಸಂಜೆ ಯಾರನ್ನೂ ಮನೆಗೆ ಬರಮಾಡಿಕೊಳ್ಳುವುದಿಲ್ಲ ಅಂತ ಆವತ್ತೇ ತೀರ್ಮಾನ ಮಾಡಿದೆವು. ಆ ಎರಡು ದಿನ ಅವರ ಫೋನ್ ಅಕ್ಕಿ ಡಬ್ಬದ ಮೇಲೆ. ಸಾವು, ಆಸ್ಪತ್ರೆ, ಹೊಡೆತ, ಈ ಮೂರಕ್ಕೆ ಮಾತ್ರ ಎತ್ತುತ್ತೇವೆ. ಸಭೆಯಲ್ಲಿ ಕೆಲವರು ಮುಖ ದಪ್ಪ ಮಾಡಿಕೊಂಡರು. "ಹಿರಿಯರಿಗೂ ಆಫೀಸ್ ಟೈಮ್ ಬಂತು ನೋಡಿ" ಅಂದರು. ಅನ್ನಲಿ. ನಾಲ್ಕು ತಿಂಗಳಲ್ಲಿ ಎಲ್ಲರಿಗೂ ಅಭ್ಯಾಸವಾಯಿತು. ಇತ್ರೋ ಹೇಳಿದ ಹಾಗೆ ಹತ್ತು ಹತ್ತು ಮನೆಗೆ ಒಬ್ಬರನ್ನು ಇಡಲು ಮಾತ್ರ ಇನ್ನೂ ಮೂರು ವರ್ಷ ಹಿಡಿಯಿತು. ಜನರಿಗೆ ಹಿರಿಯರೇ ಬರಬೇಕು, ಬೇರೆ ಯಾರು ಬಂದರೂ ಲೆಕ್ಕಕ್ಕಿಲ್ಲ.

ಇನ್ನು ನನ್ನ ದೊಡ್ಡ ತಪ್ಪು. ಒಬ್ಬಾಕೆ ಇವರ ಹತ್ತಿರ ಮಗನ ಕುಡಿತದ ವಿಷಯ ಹೇಳಿಕೊಂಡಿದ್ದರು. ಇವರು ನನಗೆ ಹೇಳಿದರು. ನಾನು ಸ್ತ್ರೀಯರ ಪ್ರಾರ್ಥನಾಕೂಟದಲ್ಲಿ, ಹೆಸರು ಹೇಳದೆ, "ಒಬ್ಬ ತಾಯಿಗೋಸ್ಕರ ಪ್ರಾರ್ಥಿಸೋಣ, ಮಗ ದಾರಿ ತಪ್ಪಿದ್ದಾನೆ" ಅಂದೆ. ಎಂಬತ್ತು ಮನೆಯ ಸಭೆಯಲ್ಲಿ ಹೆಸರು ಹೇಳಬೇಕಾ? ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಎಂಟು ತಿಂಗಳು ನನ್ನ ಪಕ್ಕದಲ್ಲಿ ಕೂರಲಿಲ್ಲ. ಚಾಡಿ ಎಷ್ಟು ಸುಲಭವಾಗಿ ಪ್ರಾರ್ಥನೆಯ ಸೀರೆ ಉಟ್ಟುಕೊಂಡು ಬರುತ್ತದೆ ಅಂತ ಆವಾಗ ಕಂಡೆ.

ನಮ್ಮ ಅಜ್ಜಿ ತುಮಕೂರಿನಲ್ಲಿ ಬೈಬಲ್ ವುಮನ್ ಆಗಿದ್ದವರು. 1947ರಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗುವ ಮುಂಚೆ, ಜನ ವೆಸ್ಲಿ ಮಿಷನ್ ಅಂತಲೇ ಕರೆಯುತ್ತಿದ್ದ ಕಾಲ. ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ, ವಾಕ್ಯ ಕಲಿಸುತ್ತಿದ್ದರು. "ಕೇಳಿದ್ದನ್ನ ಸೆರಗಿಗೆ ಗಂಟು ಹಾಕ್ಕೋ, ಬಾವಿಕಟ್ಟೆ ಹತ್ರ ಬಿಚ್ಚಬೇಡ" ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ಅದು ನಾಣ್ಯದ ಮಾತು ಅಂದುಕೊಂಡಿದ್ದೆ.

ಈಗ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ತಮ್ಮ ಕಷ್ಟ ಹೇಳಲು ಶುರು ಮಾಡಿದರೆ ಇವರು ಮೊದಲೇ ಕೇಳುತ್ತಾರೆ: "ಇದನ್ನ ನನ್ನ ಹೆಂಡತಿಗೆ ಹೇಳಬಹುದಾ?" ಬೇಡ ಅಂದರೆ ನನಗೆ ಹೇಳುವುದಿಲ್ಲ. ಮೊದಮೊದಲು ನನಗೆ ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈಗ ನೆಮ್ಮದಿ. ಯಾರಾದರೂ "ಅವರ ಮನೆ ವಿಷಯ ಏನಂತೆ?" ಅಂತ ಕೆದಕಿದರೆ "ನನಗೆ ಗೊತ್ತಿಲ್ಲ" ಅನ್ನುತ್ತೇನೆ, ಅದು ನಿಜವೇ ಆಗಿರುತ್ತದೆ. ಒಬ್ಬ ಹೆಂಗಸು ಒಬ್ಬಳೇ ಇವರ ಹತ್ತಿರ ಮಾತಾಡಬೇಕು ಅಂದರೆ ಮಾತ್ರ ನಾನೂ ಇರುತ್ತೇನೆ, ಇಲ್ಲ ಸಭೆಯ ವರಾಂಡದಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತು ಮಾತಾಡುತ್ತಾರೆ.

ಗುಟ್ಟು ಕಾಯಬಾರದ ವಿಷಯಗಳೂ ಇವೆ. ಇದನ್ನು ಕಲಿಯಲು ನಾವು ತಡ ಮಾಡಿದೆವು. ಗಂಡ ಹೊಡೆಯುತ್ತಾನೆ ಅಂತ ಒಬ್ಬ ಹುಡುಗಿ ಬಂದಾಗ ನಾನು "ತಾಳ್ಮೆ ತಗೋ, ಪ್ರಾರ್ಥನೆ ಮಾಡು" ಅಂತ ಹೇಳಿ ಕಳಿಸಿದ್ದೆ. ಎರಡನೇ ಸಲ ಬಂದಾಗ ಅವಳ ಕೈ ಮುರಿದಿತ್ತು. ಈಗ ಮೊದಲು ಕೇಳುವುದು, "ಇವತ್ತು ರಾತ್ರಿ ಎಲ್ಲಿ ಮಲಗ್ತೀಯ?" ಆಮೇಲೆ ತುರ್ತು ಸಹಾಯದ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಂಡತಿಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕಿದೆ, ಅವಳನ್ನು ಹೊರಗೆ ಹಾಕುವ ಹಾಗಿಲ್ಲ ಅಂತಲೂ ತಿಳಿಸುತ್ತೇನೆ. ಪ್ರಾರ್ಥನೆ ಬಿಟ್ಟಿಲ್ಲ. ಆಟೋದಲ್ಲಿ ಹೋಗುವಾಗ ಮಾಡುತ್ತೇವೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನಂತೂ ಹಿರಿಯರ ಸಮಿತಿಯಲ್ಲಿ ಕೂತು ತೀರಿಸುವ ಹಾಗೇ ಇಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. "ಸಭೆಯ ಮರ್ಯಾದೆ" ಅನ್ನುವವರು ಯಾವಾಗಲೂ ಇರುತ್ತಾರೆ. ಮಗುವಿನ ಮರ್ಯಾದೆ ಅಂತ ಯಾಕೆ ಅನ್ನುವುದಿಲ್ಲವೋ.

ಮನಸ್ಸಿನ ಕಾಯಿಲೆಗೂ ಹಾಗೆಯೇ. ನಿದ್ದೆಯಿಲ್ಲ, ಸಾಯಬೇಕು ಅನಿಸುತ್ತೆ ಅಂದವರಿಗೆ ಬರೀ ವಾಕ್ಯ ಹೇಳಿ ಕಳಿಸುವುದಿಲ್ಲ. ಟೆಲಿ ಮಾನಸ್‌ನ ಸರ್ಕಾರಿ ಸಹಾಯವಾಣಿ 14416ಕ್ಕೆ ಎದುರೇ ಕೂತು ಫೋನ್ ಮಾಡಿಸುತ್ತೇವೆ. ಬೇಕಾದರೆ ನಿಮ್ಹಾನ್ಸ್‌ಗೆ ಜೊತೆಗೆ ಹೋಗುತ್ತೇವೆ. ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಬೈಬಲಿನಲ್ಲಿ ಯಾಕೋಬ ಬರೆದ. ಮಾತ್ರೆ ಬಿಸಾಡಿ ಅಂತ ಬರೆಯಲಿಲ್ಲ.

ಆಸ್ಪತ್ರೆಗೆ ಹೋಗುವುದೂ ಒಂದು ವಿದ್ಯೆ. ವಿಕ್ಟೋರಿಯಾ ಆಸ್ಪತ್ರೆಯಾದರೆ ನಮಗೆ ಸಲೀಸು. ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರಾಯಿತು. ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರುವುದಿಲ್ಲ. ಪ್ರಾರ್ಥನೆ ಒಂದು ನಿಮಿಷ, ಮೆಲ್ಲಗೆ, ಪಕ್ಕದ ಹಾಸಿಗೆಯವರಿಗೂ ನಿದ್ದೆ ಬೇಕಲ್ವಾ? ರೋಗಿಗಿಂತ ಅವರ ಜೊತೆ ಇರುವವರನ್ನು ನೋಡಿಕೊಳ್ಳುತ್ತೇನೆ. ಅವರು ಬೆಳಿಗ್ಗೆಯಿಂದ ತಿಂದಿರುವುದಿಲ್ಲ. ಚಿತ್ರಾನ್ನ, ಒಂದು ಫ್ಲಾಸ್ಕ್ ಕಾಫಿ, ಫೋನ್ ಚಾರ್ಜರ್. ಈ ಚಾರ್ಜರ್‌ಗೆ ಸಿಕ್ಕಷ್ಟು ಆಶೀರ್ವಾದ ನನ್ನ ಪ್ರಾರ್ಥನೆಗೆ ಸಿಕ್ಕಿಲ್ಲ. ಸಾವಿನ ಮನೆಯಲ್ಲಿ "ದೇವರ ಚಿತ್ತ" ಅನ್ನುವ ಮಾತನ್ನು ನಾವಿಬ್ಬರೂ ಬಿಟ್ಟಿದ್ದೇವೆ. ಪಾತ್ರೆ ತೊಳೆಯುತ್ತೇನೆ. ಇವರು ಸಮಾಧಿಯ ಓಡಾಟ ನೋಡಿಕೊಳ್ಳುತ್ತಾರೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ದುಃಖದಲ್ಲಿರುವವರಿಗೆ ಅದು ನೆನಪಿರುವುದಿಲ್ಲ, ಹೋಗಿ ನೆನಪಿಸುತ್ತಾರೆ.

ದುಡ್ಡಿನ ವಿಷಯ ಚಿಕ್ಕದು. ಕಾಣಿಕೆಯನ್ನು ಇಬ್ಬರು ಎಣಿಸಬೇಕು, ಅವರು ಒಂದೇ ಮನೆಯವರಾಗಿರಬಾರದು. ನಮ್ಮ ಕೈಯಿಂದ ಸಾಲ ಕೊಡುವುದಿಲ್ಲ, ಕೊಟ್ಟರೆ ಕೊಟ್ಟೆವು ಅಷ್ಟೇ. ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಬಂದ ಫಸಲಿನ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಇಬ್ಬರು ಹಟ ಹಿಡಿದು ಬೆಲೆ ಏರಿಸಿ, ಗೆದ್ದವನು ಆಮೇಲೆ ದುಡ್ಡು ಕೊಡದೆ ಆರು ತಿಂಗಳು ತಲೆ ತಪ್ಪಿಸಿಕೊಂಡು ತಿರುಗಿದ. ಕಾಯಿ ನಮ್ಮ ಮನೆಯಲ್ಲೇ ಉಳಿಯಿತು. ಹುಳಿ ಮಾಡಿದೆ.

ನನ್ನ ಕಷ್ಟ ಯಾರ ಹತ್ತಿರ ಹೇಳಿಕೊಳ್ಳಲಿ? ಹಿರಿಯರ ಹೆಂಡತಿಗೆ ಸ್ವಂತ ಸಭೆಯಲ್ಲಿ ಗೆಳತಿ ಸಿಗುವುದು ಕಷ್ಟ. ಒಬ್ಬರ ಜೊತೆ ಸಲುಗೆಯಾದರೆ ಇನ್ನೊಬ್ಬರಿಗೆ ಹೊಟ್ಟೆಯುರಿ. ನನಗೆ ಸಿಕ್ಕಿದ್ದು ತಮಿಳು ಸಭೆಯ ಹಿರಿಯರೊಬ್ಬರ ಹೆಂಡತಿ. ಅವರ ಕನ್ನಡ ಅರ್ಧ, ನನ್ನ ತಮಿಳು ಕಾಲು. ತಿಂಗಳಿಗೊಮ್ಮೆ ಲಾಲ್‌ಬಾಗ್‌ನಲ್ಲಿ ಸಿಗುತ್ತೇವೆ. ಕಡಲೆಕಾಯಿ ತಿನ್ನುತ್ತಾ ಮಂಡಿ ನೋವು, ಸೊಸೆ, ಸೀರಿಯಲ್ ಮಾತಾಡುತ್ತೇವೆ. ಅವರು ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಇಲ್ಲಿ ಎಲ್ಲರಿಗೂ ನಾನು "ಹಿರಿಯರ ಅಮ್ಮ".

ಹೋದ ಗುರುವಾರ ರಾತ್ರಿ ಹನ್ನೊಂದಕ್ಕೆ ಅಕ್ಕಿ ಡಬ್ಬದ ಮೇಲಿನ ಫೋನ್ ಹೊಡೆದುಕೊಂಡಿತು. ಇವರು ನನ್ನ ಮುಖ ನೋಡಿದರು. ನಾನೇ ಎತ್ತಿದೆ. ಆಸ್ಪತ್ರೆ. ಇವರು ಸ್ವೆಟರ್ ಹುಡುಕಿದರು, ನಾನು ಫ್ಲಾಸ್ಕ್ ತೊಳೆದೆ. ಎಸ್‌ಎಸ್‌ಎಲ್‌ಸಿ ಹುಡುಗಿ ಈಗ ಕೆಲಸಕ್ಕೆ ಹೋಗುತ್ತಾಳೆ. ರೂಮಿನಿಂದಲೇ ಕೂಗಿದಳು, "ಕೀ ತಗೊಂಡು ಹೋಗಿ, ನಾನು ಮಲಗ್ತೀನಿ. ಚಾರ್ಜರ್ ನನ್ನದು, ವಾಪಸ್ ತನ್ನಿ."