ಟಿವಿಗೆ ಹೊಸ ಆಂಡ್ರಾಯ್ಡ್ ಬಾಕ್ಸ್ ಬೇಕಾ, ಹಳೇ ಲ್ಯಾಪ್‌ಟಾಪ್ ಸಾಕಾ?

ಮೊದಲು ಮನೆಯಲ್ಲಿ ಏನು ಜಾಸ್ತಿ ನೋಡುತ್ತೀರಿ ಅಂತ ಗಮನಿಸಿ.

ನೆಟ್‌ಫ್ಲಿಕ್ಸ್, ಪ್ರೈಮ್ ಇಂಥವೇ ಜಾಸ್ತಿ ಅಂದರೆ ಬಾಕ್ಸೇ ಸರಿ. ಆದರೆ ಅದರಲ್ಲಿ ವೈಡ್‌ವೈನ್ ಎಲ್1 (ವಿಡಿಯೋ ಕಾಪಿ ಆಗದಂತೆ ಕಾಯುವ ವ್ಯವಸ್ಥೆಯ ಮೇಲಿನ ಮಟ್ಟ; ಎಲ್3 ಕೆಳಗಿನದು) ಇದೆಯಾ ಅಂತ ಕೇಳಿಯೇ ತಗೊಳ್ಳಿ. ಬರೀ ಎಲ್3 ಇರುವ ಅಗ್ಗದ ಡಬ್ಬದ ಮೇಲೆ ‘4ಕೆ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲೂ ಬರುವುದಿಲ್ಲ. ಸುಮ್ನೆ ದುಡ್ಡು ದಂಡ.

ಮದುವೆ ವಿಡಿಯೋ, ಫೋನಿನ ಫೋಟೋ, ಹಾಡು ಎಲ್ಲಾ ಹಾರ್ಡ್‌ಡಿಸ್ಕಿನಲ್ಲಿ ತುಂಬಿದೆಯಾ? ಹಳೇ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಹಾಕಿ. ನಿಮ್ಮ ಫೈಲುಗಳನ್ನು ಮನೆಯ ನೆಟ್‌ವರ್ಕಿನಲ್ಲೇ ಟಿವಿಗೆ ಕಳಿಸುವ ತಂತ್ರಾಂಶ ಅದು. ಉಚಿತ, ಓಪನ್ ಸೋರ್ಸ್. ಟಿವಿ ಕಡೆಯ ಆಪ್ ಫೈಲನ್ನು ಇದ್ದ ಹಾಗೇ ಓದಿದರೆ ಪ್ರೊಸೆಸರಿಗೆ ಹೆಚ್ಚು ಕೆಲಸ ಇರುವುದಿಲ್ಲ. ಓದದಿದ್ದರೆ ಲ್ಯಾಪ್‌ಟಾಪೇ ಟ್ರಾನ್ಸ್‌ಕೋಡ್ ಮಾಡಬೇಕು, ಅಂದರೆ ಫೈಲನ್ನು ಟಿವಿ ಓದಬಲ್ಲ ರೂಪಕ್ಕೆ ಬದಲಿಸುತ್ತಾ ಕಳಿಸಬೇಕು. 4ಕೆ ಎಚ್‌ಇವಿಸಿ (ವಿಡಿಯೋವನ್ನು ತುಂಬಾ ಕುಗ್ಗಿಸಿಡುವ ವಿಧಾನ) ಫೈಲಾದರೆ ಹಳೇ ಯಂತ್ರ ಏದುಸಿರು ಬಿಡುತ್ತದೆ, ಚಿತ್ರ ನಿಂತು ನಿಂತು ಬರುತ್ತದೆ. ಲ್ಯಾಪ್‌ಟಾಪನ್ನು ರೂಟರಿಗೆ ಲ್ಯಾನ್ ಕೇಬಲ್‌ನಲ್ಲೇ ಜೋಡಿಸಿ, ವೈಫೈ ನಂಬಬೇಡಿ.

ನನ್ನನ್ನು ಕೇಳಿದರೆ ಎರಡೂ ಇರಲಿ. ಎಲ್1 ಇರುವ ಬಾಕ್ಸ್ ತಗೊಂಡು ಅದರಲ್ಲೇ ಜೆಲ್ಲಿಫಿನ್ ಆಪ್ ಹಾಕಿ. ಹಿರಿಯರಿಗೆ ಒಂದೇ ರಿಮೋಟು ಸಾಕು, ಅವರ ಕೈಗೆ ಕೀಬೋರ್ಡು ಮೌಸು ಕೊಡೋದು ಆಗೋ ಮಾತಲ್ಲ ಅಲ್ವಾ!

ಹಾಂ, ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪ್ ಸ್ಲೀಪಿಗೆ ಹೋಗದಂತೆ ಸೆಟಿಂಗ್ ಬದಲಿಸಲು ಮರೆಯಬೇಡಿ.