ತುಕ್ಕು ಓದಿದವರಿಗೆ ಡೇಟಾ ಸೆಂಟರಿನಲ್ಲಿ ಎಂತ ಕೆಲಸ?

ಎಂಟು ವರ್ಷ ನಾನು ತುಕ್ಕು ನೋಡುತ್ತಾ ಕೂತಿದ್ದೆ. ಉಪ್ಪುನೀರಿನಲ್ಲಿ ಉಕ್ಕಿನ ತುಂಡು ಮುಳುಗಿಸುವುದು, ಎಷ್ಟು ಸವೆಯಿತು ಎಂದು ಅಳೆಯುವುದು. ಪಿಎಚ್‌ಡಿ ಮುಗಿಯಿತು. ಆಮೇಲೆ ಒಂದು ಪ್ರಾಜೆಕ್ಟ್, ಮತ್ತೊಂದು ಪ್ರಾಜೆಕ್ಟ್. ಮೂವತ್ತಾರು ತುಂಬುವಾಗ ಕೈಯಲ್ಲಿ ಹನ್ನೊಂದು ತಿಂಗಳ ಇನ್ನೊಂದು ಗುತ್ತಿಗೆ ಪತ್ರ ಇತ್ತು. ಉಡುಪಿಯ ಮನೆಯಲ್ಲಿ ಅಮ್ಮ ಕೇಳಿದರು, "ಇದು ಪರ್ಮನೆಂಟ್ ಆಗುವುದು ಯಾವಾಗ ಮಗಾ?"

ಈಗ ನಾಲ್ಕು ವರ್ಷದಿಂದ ಮಂಗಳೂರಿನ ಒಂದು ಸಂಸ್ಥೆಯ ಡೇಟಾ ಸೆಂಟರಿನಲ್ಲಿ, ಅಂದರೆ ಸರ್ವರ್ ಕಂಪ್ಯೂಟರುಗಳು ಹಗಲುರಾತ್ರಿ ಓಡುವ ಕೋಣೆಯಲ್ಲಿ, ಕರೆಂಟ್ ಮತ್ತು ಕೂಲಿಂಗ್ ನೋಡಿಕೊಳ್ಳುತ್ತೇನೆ. ದೊಡ್ಡದೇನಲ್ಲ, ಸರ್ವರ್ ಜೋಡಿಸಿಡುವ ಹನ್ನೆರಡು ಕಪಾಟು, ಅಂದರೆ ರ‍್ಯಾಕ್. ಹಳೆಯ ಲ್ಯಾಬಿನ ಜೂನಿಯರ್‌ಗಳು ಫೋನ್ ಮಾಡಿ "ಅಕ್ಕ, ಹೇಗೆ ಹೋದಿರಿ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಬರೆದಿದ್ದೇನೆ.

ಮೊದಲು, ಕೋಡಿಂಗ್ ಕೋರ್ಸಿಗೆ ದುಡ್ಡು ಕಟ್ಟಬೇಡಿ. ನಾನು ಕಟ್ಟಿದೆ. ಇಪ್ಪತ್ತೆರಡರ ಹುಡುಗರ ಹಿಂದೆ ಆರು ತಿಂಗಳು ಓಡಿದೆ, ಕೆಲಸ ಮಾತ್ರ ಸಿಗಲಿಲ್ಲ. ಡೇಟಾ ಸೆಂಟರಿಗೆ ಎರಡು ಬಾಗಿಲು ಉಂಟು. ಒಂದು ಸರ್ವರ್, ನೆಟ್‌ವರ್ಕ್‌ನವರದು. ಇನ್ನೊಂದು ಯುಪಿಎಸ್, ಬ್ಯಾಟರಿ, ಎಸಿ, ಜನರೇಟರಿನದು. ಲ್ಯಾಬಿನಲ್ಲಿ ಮೈ ಬಗ್ಗಿಸಿದವರಿಗೆ ಎರಡನೆಯದೇ ಹತ್ತಿರ. ಸರ್ವರುಗಳಲ್ಲಿ ಓಡುವ ಲಿನಕ್ಸ್ ಸ್ವಲ್ಪ ಬೇಕು, ಅದನ್ನು ಮನೆಯ ಹಳೆ ಕಂಪ್ಯೂಟರಿನಲ್ಲಿ ಸುಮ್ನೆ ಹಾಕಿಕೊಂಡು ಕಲಿಯಿರಿ.

ರಸಾಯನಶಾಸ್ತ್ರದವರು ಬ್ಯಾಟರಿಯಿಂದ ಶುರು ಮಾಡಿ. ನಮ್ಮಲ್ಲಿರುವುದು ಸೀಲ್ ಮಾಡಿದ ಸೀಸ-ಆಮ್ಲದ ಬ್ಯಾಟರಿ. 12 ವೋಲ್ಟಿನ ಒಂದೊಂದರಲ್ಲಿ ಆರು ಸೆಲ್. ಫ್ಲೋಟ್ ಚಾರ್ಜಿನಲ್ಲಿರುವಾಗ, ಅಂದರೆ ತುಂಬಿದ ಬ್ಯಾಟರಿಯನ್ನು ತುಂಬಿದ ಹಾಗೇ ಇಟ್ಟುಕೊಳ್ಳುವಾಗ, ಸುಮಾರು 13.5ರಿಂದ 13.8 ವೋಲ್ಟ್. ಕೋಣೆಯ ಬಿಸಿ 25 ಡಿಗ್ರಿಗಿಂತ 8-10 ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧ. ಇದನ್ನು ಟೆಕ್ನೀಷಿಯನ್‌ಗಳು ಬಾಯಿಪಾಠವಾಗಿ ಕಲಿತಿರುತ್ತಾರೆ. ನಮಗೆ ಬಿಸಿ ಏರಿದಂತೆ ರಾಸಾಯನಿಕ ಕ್ರಿಯೆ ಎಷ್ಟು ಚುರುಕಾಗುತ್ತದೆ ಎಂದು ಹೇಳುವ ಅರೇನಿಯಸ್ ಸಮೀಕರಣ ಬಿಎಸ್ಸಿಯಲ್ಲೇ ಪರಿಚಯ, ಅಲ್ವಾ? ಸೆಲ್ಲಿನ ಒಳಗಿನ ರೋಧ ಅಳೆಯುವ ಮೀಟರ್ ಕೈಗೆ ಸಿಕ್ಕಿದಾಗ ನನಗೆ ನಗು ಬಂತು. ಇಂಪಿಡೆನ್ಸ್, ಅಂದರೆ ಇಂಥದ್ದೇ ರೋಧ, ಅಳೆದೇ ನಾನು ಪಿಎಚ್‌ಡಿ ಪಡೆದದ್ದು! ಒಂದೊಂದು ಬ್ಯಾಟರಿಗೂ ನಂಬರ್ ಹಾಕಿ, ಪ್ರತಿ ಸಲದ ಅಳತೆ ಬರೆದಿಡಿ. ಸಾಲಿನಲ್ಲಿ ಒಂದು ಕೆಟ್ಟರೂ ಕರೆಂಟ್ ಹೋದಾಗ ಇಡೀ ಸಾಲು ಮಲಗುತ್ತದೆ. ಆದರೆ ನಲವತ್ತು ಬ್ಯಾಟರಿ ಸಾಲಾಗಿ ಜೋಡಿಸಿದರೆ 540 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ, ನೆನಪಿರಲಿ. ಬಳೆ, ಉಂಗುರ, ಕರಿಮಣಿ ಎಲ್ಲ ತೆಗೆದಿಟ್ಟು, ಕಲಿತವರ ಜೊತೆಗೇ ಒಳಗೆ ಹೋಗಿ.

ಆಮೇಲೆ ಗಾಳಿ. ಆಟಿಯಲ್ಲಿ ಹಪ್ಪಳದ ಡಬ್ಬಿ ತೆರೆದಿಟ್ಟರೆ ಎಂತ ಆಗುತ್ತದೆ ಎಂದು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಿಲ್ಲ. ಹೊರಗೆ 28 ಡಿಗ್ರಿ, 90% ತೇವ ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಇಳಿಯಲು ಶುರುವಾಗುವ ಉಷ್ಣತೆ, ಸುಮಾರು 26. ಸರ್ವರಿಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ, ಇಬ್ಬನಿ ಬಿಂದು 15 ದಾಟದಿರಲಿ ಎಂದು ಕೂಲಿಂಗ್ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಶಿಫಾರಸು. ಅಂದರೆ ಜುಲೈಯಲ್ಲಿ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟವರ ಜೊತೆ ಜಗಳ ಆಡುವುದೂ ನಿಮ್ಮ ಕೆಲಸವೇ. ಇನ್ನು ಕಡಲ ಉಪ್ಪು. ಅಡುಗೆ ಉಪ್ಪು ಸುಮಾರು 75% ತೇವದಲ್ಲಿ ನೀರೊಡೆಯುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ತೇವದಲ್ಲೇ ನೀರೆಳೆಯುತ್ತದೆ. ಆ ಧೂಳು ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತರೆ ಮುಂದಿನದು ನಿಮಗೇ ಗೊತ್ತು.

ನನಗೆ ಕೆಲಸ ಸಿಕ್ಕಿದ್ದೇ ಇದರಿಂದ. ಇಂಟರ್ವ್ಯೂನಲ್ಲಿ "ನೆಟ್‌ವರ್ಕಿಂಗ್ ಗೊತ್ತಾ?" ಎಂದರು. ಅಷ್ಟಕ್ಕಷ್ಟೆ ಎಂದೆ. ಕೋಣೆ ತೋರಿಸಿದಾಗ ಹೊರಗಿನ ಗಾಳಿ ಎಳೆಯುವ ಫ್ಯಾನ್ ಪಡುವಣಕ್ಕೆ, ಕಡಲಿನ ಕಡೆಗೇ ಮುಖ ಮಾಡಿತ್ತು. ಇಲ್ಲಿ ತಾಮ್ರದ ಮತ್ತು ಬೆಳ್ಳಿಯ ಪಟ್ಟಿ ಒಂದು ತಿಂಗಳು ತೂಗುಹಾಕಿ ನೋಡಿದ್ದೀರಾ ಎಂದು ಕೇಳಿದೆ. ತಾಮ್ರದ ಮೇಲೆ ತಿಂಗಳಿಗೆ 300 ಆಂಗ್‌ಸ್ಟ್ರಾಮ್‌ಗಿಂತ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ), ಬೆಳ್ಳಿಯ ಮೇಲೆ 200ಕ್ಕಿಂತ ಕಡಿಮೆ ಪದರ ಬೆಳೆದರೆ ಆಟೊಮೇಷನ್ ಕ್ಷೇತ್ರದ ಐಎಸ್‌ಎ ಸಂಸ್ಥೆಯ ಮಾನದಂಡದಲ್ಲಿ ಅದು ಜಿ1, ಸುರಕ್ಷಿತ. ಅವರು ನೋಡಿರಲಿಲ್ಲ. ಮುಂದಿನ ವಾರ ಫೋನ್ ಬಂತು.

ರೆಸ್ಯೂಮೆಯಲ್ಲಿ ಪೇಪರುಗಳ ಪಟ್ಟಿಯನ್ನು ಒಂದೇ ಸಾಲಿಗೆ ಇಳಿಸಿ. ಲ್ಯಾಬಿನ ಚಿಲ್ಲರ್ ಯಾರು ನೋಡಿಕೊಂಡರು, ರಾತ್ರಿ ಓಡುವ ಪ್ರಯೋಗಕ್ಕೆ ಯುಪಿಎಸ್ ಯಾರು ಹೊಂದಿಸಿದರು, ಮೆಷಿನ್ ಬಳಸುವ ವಿಧಾನವನ್ನು ಹಂತ ಹಂತವಾಗಿ ಯಾರು ಬರೆದಿಟ್ಟರು, ಅದನ್ನು ಬರೆಯಿರಿ. ಸಣ್ಣ ಲೆಕ್ಕಗಳು ನಾಲಿಗೆ ತುದಿಯಲ್ಲಿರಲಿ: ಒಂದು ಟನ್ ಎಸಿ ಅಂದರೆ 3.5 ಕಿಲೋವ್ಯಾಟ್ ಬಿಸಿ ಹೊರಹಾಕುವ ಶಕ್ತಿ, 7 ಕಿಲೋವ್ಯಾಟಿನ ರ‍್ಯಾಕಿಗೆ ಎರಡು ಟನ್. ಒಟ್ಟು ಉರಿಸಿದ ಕರೆಂಟನ್ನು ಸರ್ವರ್‌ಗಳು ತಿಂದ ಕರೆಂಟಿನಿಂದ ಭಾಗಿಸಿದರೆ ಪಿಯುಇ, ಅಂದರೆ ಸೆಂಟರ್ ಕರೆಂಟನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಎಂಬ ಅಳತೆ. ಡೇಟಾ ಸೆಂಟರ್ ಕೆಲಸದ ಸರ್ಟಿಫಿಕೇಟ್ ಕೊಡುವ ಸಿಡಿಸಿಪಿಯಂಥ ಸಣ್ಣ ಕೋರ್ಸ್ ಸಾಕು.

ನನಗೆ ಕಷ್ಟ ಆದದ್ದು ಕೈ ಕಟ್ಟಿಕೊಂಡು ಇರುವುದು. ಸೇರಿದ ಮೊದಲ ತಿಂಗಳು ಒಂದು ಸರ್ವರಿನ ಎರಡು ಪವರ್ ವಯರುಗಳಲ್ಲಿ ಒಂದನ್ನು ಸರಿಸಬೇಕಿತ್ತು. ಎರಡು ಉಂಟಲ್ಲ ಎಂಬ ಧೈರ್ಯದಲ್ಲಿ ಆ ಕಡೆಯ ಬ್ರೇಕರ್ ಇಳಿಸಿದೆ. ಯಾರೋ ಎರಡನ್ನೂ ಒಂದೇ ಕಡೆ ಚುಚ್ಚಿದ್ದರು. ಬಿಲ್ಲಿಂಗ್ ಇಪ್ಪತ್ತು ನಿಮಿಷ ನಿಂತಿತು. ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ಬೈಯಲಿಲ್ಲ. "ಮೇಡಂ, ವಯರಿನ ಬಾಲ ಎಲ್ಲಿಗೆ ಹೋಗ್ತದೆ ನೋಡಿ, ಮತ್ತೆ ಕೈ ಹಾಕಿ" ಎಂದರು, ಅಷ್ಟೇ. ಲ್ಯಾಬಿನಲ್ಲಾದರೆ "ಇದನ್ನು ಬದಲಿಸಿದರೆ ಎಂತ ಆಗುತ್ತದೆ ನೋಡುವಾ" ಎನ್ನಬಹುದು. ಇಲ್ಲಿ ಅದು ನಡೆಯುವುದಿಲ್ಲ. ಏನು ಮಾಡುತ್ತೇನೆ, ತಪ್ಪಿದರೆ ಹೇಗೆ ಹಿಂದೆ ಬರುತ್ತೇನೆ ಎಂದು ಮೊದಲೇ ಬರೆದು, ಸಹಿ ಹಾಕಿಸಿ, ರಾತ್ರಿ ಮಾಡಬೇಕು.

ಮೊದಲ ಸಂಬಳ ಪ್ರಾಜೆಕ್ಟಿನದಕ್ಕಿಂತ ಕಡಿಮೆ ಇತ್ತು. ರಾತ್ರಿ ಪಾಳಿಯೂ ಬರುತ್ತದೆ. ದೊಡ್ಡ ಸೆಂಟರ್‌ಗಳು ಬೇಕೆಂದರೆ ಸಮುದ್ರದಡಿಯ ಕೇಬಲ್ ಬಂದು ಸೇರುವ ಮುಂಬೈ, ಚೆನ್ನೈ ಕಡೆಗೇ ಹೋಗಬೇಕಾದೀತು. ನಾನು ಅಮ್ಮನಿಗಾಗಿ ಇಲ್ಲೇ ಉಳಿದೆ.

ಇಂಟರ್ವ್ಯೂನಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: "ಜನರೇಟರನ್ನು ಪೂರ್ತಿ ಲೋಡ್ ಮೇಲೆ ಕೊನೆಗೆ ಓಡಿಸಿದ್ದು ಯಾವಾಗ?" ತಾರೀಖು ಹೇಳಿದರೆ ಒಳ್ಳೆಯ ಜಾಗ. ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಸಂಬಳ ಸ್ವಲ್ಪ ಜಾಸ್ತಿ ಕೇಳಿ.